ಕಾಯಿಲೆಗೆಂದು ಎತ್ತಿಟ್ಟ ದುಡ್ಡು

ಬೀ ಗೈಕ್ ಆಸ್ಪತ್ರೆಯ ಮುಂದೆ ಹಾದುಹೋಗುವ ಬಸ್ಸನ್ನು ಯಾವತ್ತೂ ಹತ್ತುತ್ತಿರಲಿಲ್ಲ. ಅವಳ ಗಂಡ ಕಿಮ್ ಲಾಯ್ ಬಸ್ ಡ್ರೈವರ್. ಅವನಿಗೇ ಒಮ್ಮೆ ಆ ರೂಟು ಬಿದ್ದಿತ್ತು. ಆ ಅಷ್ಟೂ ತಿಂಗಳು ಸಂಜೆ ಮನೆಗೆ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಅಪಶಕುನ ಕಳೆಯಲೆಂದು ಚಕ್ಕೋತದ ಎಲೆ ಹಾಕಿದ ನೀರಿನಲ್ಲಿ ಮುಖ ತೊಳೆಸಿಯೇ ಒಳಗೆ ಬಿಡುತ್ತಿದ್ದಳು. ಅವನು ಮರುಮಾತಾಡದೆ ತೊಳೆದುಕೊಳ್ಳುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಯಾವ ಜಗಳ ಆಡಬೇಕು, ಯಾವುದಕ್ಕೆ ಮುಖ ತೊಳೆದುಕೊಂಡು ಸುಮ್ಮನಿರಬೇಕು ಅನ್ನುವುದು ಅವನಿಗೆ ಗೊತ್ತಿತ್ತು.

ಅವಳು ಹಾಡಿ ಬದುಕುವವಳು. ಹುಟ್ಟೂರು ಮಲೇಷ್ಯಾದ ಮುವಾರ್. ಕಿಮ್ ಲಾಯ್‌ನನ್ನು ಕಟ್ಟಿಕೊಂಡು ಸಿಂಗಪುರಕ್ಕೆ ಬಂದವಳು ಪಿ.ಆರ್., ಅಂದರೆ ಕಾಯಂ ವಾಸದ ಪರವಾನಗಿ, ಪಡೆದು ಇಲ್ಲೇ ಬೇರೂರಿದರೂ ಪಾಸ್‌ಪೋರ್ಟು ಮಾತ್ರ ಬದಲಾಯಿಸಲಿಲ್ಲ. ವೇದಿಕೆಯ ಮೇಲೆ ಅವಳ ಹೆಸರು ಕೆಂಪು ದಾಸವಾಳ. ಮೈತುಂಬ ಮಿಂಚಿನ ಚೂರು ಹೊಲಿದ ಗೌನು, ತಲೆಯ ಮೇಲೆ ಬೆಂಕಿಕೋಳಿಯ ಪುಕ್ಕ, ಕೊರಳಲ್ಲಿ ಹೊಕ್ಕಿಯೆನ್ ಭಾಷೆಯ ಹಳೇ ವಿರಹದ ಹಾಡುಗಳು. ಅವಳು 'ಊರಿಗೆ ಹೋಗೋ ದೋಣಿ ಹೊರಟುಹೋಯ್ತು' ಅಂತ ರಾಗ ಎಳೆದಳೆಂದರೆ, ಹುಟ್ಟಿದಾಗಿನಿಂದ ಹೌಗಾಂಗ್ ಬಡಾವಣೆ ಬಿಟ್ಟು ಕದಲದ ಮುದುಕರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಇಂಥವಳಿಗೆ ಸರ್ಕಾರದಿಂದ ಒಂದು ಕಾಟವಿತ್ತು. ಸ್ವಂತ ದುಡಿಮೆಯವರು, ಅವರು ಪ್ರಜೆಗಳಾಗಲಿ ಪಿ.ಆರ್.ಗಳಾಗಲಿ, ಪ್ರತಿ ವರ್ಷ ಆದಾಯದ ಲೆಕ್ಕ ಒಪ್ಪಿಸಿದ ಮೇಲೆ ಅದರಲ್ಲೊಂದು ಪಾಲನ್ನು ತಮ್ಮ ಹೆಸರಿನ ಮೆಡಿಸೇವ್ ಖಾತೆಗೆ ಕಟ್ಟಲೇಬೇಕು. ಕಾಯಿಲೆ ಕಸಾಲೆ ಅಂತ ಬಂದರೆ ಆಗ ತೆಗೆಯಬಹುದು. ಆಸೆಪಟ್ಟು ಒಂದು ಬಳೆ ಕೊಳ್ಳುತ್ತೇನೆಂದರೆ ಚಿಕ್ಕಾಸೂ ಬರುವುದಿಲ್ಲ.

"ಕಾಯಿಲೆಗೆ ಮಣೆ ಹಾಕಿ ಕರೆಯೋದು ಅಂದ್ರೆ ಇದೇ," ಅನ್ನುತ್ತಿದ್ದಳು ಬೀ ಗೈಕ್. "ಕಳ್ಳ ಬರ್ತಾನೆ ಅಂತ ಬಾಗಿಲು ತೆಗೆದಿಟ್ಟು ಮಲಗಿದ ಹಾಗಾಯ್ತು."

"ಬೀಗ ಹಾಕಿ ಮಲಗಿದ ಹಾಗಲ್ವಾ?" ಅನ್ನುತ್ತಿದ್ದ ಕಿಮ್ ಲಾಯ್.

"ನಿಂಗೇನಪ್ಪಾ ಮುದುಕಾ! ನಿನ್ನ ಸಂಬಳ ಕೈಗೆ ಬರೋ ಮುಂಚೆನೇ ಕತ್ತರಿ ಬಿದ್ದಿರುತ್ತೆ. ಕೂದಲು ಕತ್ತರಿಸಿದ್ರೆ ನೋಯುತ್ತಾ? ನಂದು ಹಂಗಲ್ಲ. ಬೆವರು ಸುರಿಸಿ ಹಾಡಿ, ಕೆಂಪು ಲಕೋಟೆ ಇಸಕೊಂಡು, ನೋಟಿನ ವಾಸನೆ ನೋಡಿ ಎದೆಗಿಟ್ಟುಕೊಂಡ ಮೇಲೆ ಬಂದು ಕೊಡು ಅಂತಾರೆ. ಅದು ಉಗುರು ಕಿತ್ತ ಹಾಗೆ."

ಕೊನೆಗೆ ಗಂಡ ಹೆಂಡತಿ ಒಂದು ರಾಜಿಗೆ ಬಂದಿದ್ದರು. ಪಾಲು ತಿಂಗಳಿಗಿಷ್ಟು ಅಂತ ಬ್ಯಾಂಕಿನಿಂದ ತಾನಾಗಿಯೇ ಹೋಗಲಿ, ಆದರೆ ಮನೆಯಲ್ಲಿ ಅದರ ಹೆಸರೆತ್ತಕೂಡದು. ಹೆಸರೆತ್ತಲೇಬೇಕಾದರೆ 'ದೊಡ್ಡತ್ತೆ' ಅನ್ನಬೇಕು. ತಿಂಗಳ ಕೊನೆಗೆ ಬ್ಯಾಂಕಿನ ಸಂದೇಶ ನೋಡಿ ಅವಳು "ಓ, ದೊಡ್ಡತ್ತೆ ಬಂದು ಹೋದ್ಲು, ಮೂದೇವಿ," ಅಂತ ಗೊಣಗಿ ಫೋನನ್ನು ಮಗುಚಿ ಇಡುತ್ತಿದ್ದಳು.

ಆ ವರ್ಷ ಚೀನೀ ಪಂಚಾಂಗದ ಏಳನೇ ತಿಂಗಳು ಶುರುವಾಯಿತು. ಸತ್ತವರಿಗೆಲ್ಲ ರಜೆ ಸಿಕ್ಕು ಭೂಮಿಗೆ ಬಂದುಹೋಗುವ ತಿಂಗಳು. ದೆವ್ವ ಅನ್ನುವ ಮಾತನ್ನು ಆ ತಿಂಗಳು ಯಾರೂ ಆಡುವುದಿಲ್ಲ, ಎಲ್ಲರ ಬಾಯಲ್ಲೂ 'ಒಳ್ಳೆಯಣ್ಣಂದಿರು'. ಅವರ ಸಂತೋಷಕ್ಕೆಂದು ಬಡಾವಣೆ ಬಡಾವಣೆಯಲ್ಲಿ ವೇದಿಕೆ ಏಳುತ್ತದೆ, ಹಾಡು ಕುಣಿತ ಹಾಸ್ಯ ನಡೆಯುತ್ತದೆ. ಮೊದಲ ಸಾಲಿನ ಕುರ್ಚಿಗಳು ಅವರಿಗೇ ಮೀಸಲು. ಬದುಕಿರುವವರು ಎರಡನೇ ಸಾಲಿನಿಂದ ಕೂರಬೇಕು. ಬೀ ಗೈಕ್‌ಳಂಥ ಹಾಡುಗಾರರಿಗೆ ಇಡೀ ವರ್ಷದ ಅನ್ನ ಹುಟ್ಟುವುದು ಈ ಒಂದು ತಿಂಗಳಲ್ಲಿ. ಒಂದೇ ಸಂಜೆ ಮೂರು ನಾಲ್ಕು ವೇದಿಕೆಗೆ ಟ್ಯಾಕ್ಸಿಯಲ್ಲಿ ಓಡುವುದೂ ಉಂಟು.

ಬೆಡೋಕ್‌ನ ಬಯಲಿನಲ್ಲಿ ಎರಡನೇ ಹಾಡಿನ ಪಲ್ಲವಿ ಮುಗಿಸಿ ಅವಳು ಮುಂದೆ ನೋಡಿದಳು. ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಬೆಳ್ಳಗೆ, ಮಬ್ಬುಮಬ್ಬಾಗಿ, ತಲೆಯ ಸುತ್ತ ಬೆಳಕಿನ ಬಳೆ. ಪಕ್ಕದಲ್ಲಿ ಇನ್ನೊಬ್ಬರು. ಅವರ ಪಕ್ಕದಲ್ಲಿ, ಸ್ವಲ್ಪ ಗಿಡ್ಡಗೆ, ಮಗುವಿನ ಹಾಗೆ ಮತ್ತೊಂದು.

ಅವಳಿಗೆ ಸಾಲು ಮರೆತುಹೋಯಿತು. ಕೀಬೋರ್ಡಿನವನು ಅದೇ ಸ್ವರ ಸುತ್ತಿ ಸುತ್ತಿ ನುಡಿಸಿ ಕಾದ. ಓಡಿಹೋಗೋಣವೆಂದರೆ ಅಷ್ಟೆತ್ತರದ ಹಿಮ್ಮಡಿಯ ಚಪ್ಪಲಿ. ಬೀ ಗೈಕ್ ಬೇರೆ ದಾರಿ ಕಾಣದೆ ನಡು ಬಗ್ಗಿಸಿ ಆ ಖಾಲಿ ಕುರ್ಚಿಗಳಿಗೆ ನಮಸ್ಕಾರ ಮಾಡಿದಳು. ಆಮೇಲೆ ಕಣ್ಣು ಕದಲಿಸದೆ, ಆ ಮೂವರಿಗೇ ಅಂತ, ಹಾಡು ಮುಗಿಸಿದಳು. ಹೆದರಿಕೆಗೆ ದನಿ ನಡುಗಿತು. ಆ ನಡುಕವೇ ಹಾಡಿಗೆ ಒಪ್ಪಿತು. ಎರಡನೇ ಸಾಲಿನ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ವೇದಿಕೆಯ ಹಿಂದೆ ನಿರೂಪಕ ಜಾನಿ ಕ್ವೆಕ್ ಕಾದಿದ್ದ. ಅವನೂ ಮಲೇಷ್ಯಾದವನೇ, ಕ್ಲುವಾಂಗ್ ಊರಿನವನು, ಅವಳ ಹಾಗೇ ಪಿ.ಆರ್. ಮಾತೇ ಅವನ ಬಂಡವಾಳ.

"ಅಕ್ಕಾ, ಏನದು? ಯಾರಿಗೆ ಸಲಾಂ ಹೊಡೆದೆ?"

"ಕೂತಿದ್ರು ಕಣೋ ಕ್ವೆಕ್. ಮೂರು ಜನ. ಒಂದು ಮಗು."

ಕ್ವೆಕ್ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಅವನ ಕಣ್ಣು ಹೊಳೆಯಿತು. ಮೈಕ್ ಹಿಡಿದು ನೇರ ವೇದಿಕೆಗೆ ನುಗ್ಗಿದ. "ಮಹನೀಯರೇ, ಮಹಿಳೆಯರೇ, ಇವತ್ತು ಮೊದಲನೇ ಸಾಲು ಹೌಸ್‌ಫುಲ್ಲಂತೆ! ನಮ್ಮ ದಾಸವಾಳಕ್ಕ ಕಣ್ಣಾರೆ ನೋಡಿದ್ದಾಳೆ!"

ಅಷ್ಟು ಸಾಕಾಯಿತು. ಯಾರೋ ತೆಗೆದ ವೀಡಿಯೊ ಬೆಳಗಾಗುವಷ್ಟರಲ್ಲಿ ಎಲ್ಲರ ಫೋನಿನಲ್ಲಿತ್ತು. ಖಾಲಿ ಕುರ್ಚಿಗೆ ಬಗ್ಗಿ ನಮಸ್ಕರಿಸುವ ದಾಸವಾಳಕ್ಕ, ನಡುಗುವ ದನಿ, ಹಿಂದೆ ಚೀರುವ ಹೆಂಗಸು. ಕಾರ್ಯಕ್ರಮ ನಡೆಸುವವರು ಸಾಲುಗಟ್ಟಿ ಫೋನ್ ಮಾಡಿದರು. ಟೋವಾ ಪಾಯೋದಲ್ಲಿ ಜನ ರಸ್ತೆಯವರೆಗೂ ನಿಂತರು. ಯಿಶುನ್‌ನಲ್ಲಿ ಪೊಲೀಸರೇ ಬಂದು ದಾರಿ ಮಾಡಿಕೊಡಬೇಕಾಯಿತು.

ಮೊದಮೊದಲು ಹೆದರಿದವಳಿಗೆ ಮೆಲ್ಲಗೆ ಅಭ್ಯಾಸವಾಯಿತು. ಪ್ರತಿ ಸಂಜೆಯೂ ಅವರು ಬರುತ್ತಿದ್ದರು. ಯಾರಿಗೂ ಕೇಡು ಬಗೆಯದೆ, ಗಲಾಟೆಯಿಲ್ಲದೆ, ಮಬ್ಬಾಗಿ ಹೊಳೆಯುತ್ತ ಕೂತಿರುತ್ತಿದ್ದರು. ಎರಡನೇ ಸಾಲಿನವರ ಹಾಗೆ ಹಾಡಿನ ಮಧ್ಯೆ ಎದ್ದು ನೂಡಲ್ಸ್ ತರಲು ಹೋಗುತ್ತಿರಲಿಲ್ಲ, ಫೋನು ನೋಡುತ್ತಿರಲಿಲ್ಲ. "ಇಂಥ ಸಭ್ಯ ಶ್ರೋತೃಗಳು ನಂಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ ಕಣೋ," ಅಂದಳು ಕ್ವೆಕ್‌ಗೆ.

"ದೊಡ್ಡ ಅದೃಷ್ಟ ಅಕ್ಕ. ಇನ್ನು ನೀನೇ ರಾಣಿ," ಅಂದ ಅವನು. "ಈ ಸಲ ಆ ಮೆಡಿಸೇವ್‌ನವರಿಗೆ ಪೂರ್ತಿ ಲೆಕ್ಕ ಒಪ್ಪಿಸಬೇಡ ಮತ್ತೆ. ನಾನು ಎಷ್ಟೋ ವರ್ಷದಿಂದ ಬಿಡಿಗಾಸು ಕಟ್ಟಿಲ್ಲ. ಏನು ಮಾಡಿದ್ರು ಹೇಳು? ಓಲೆ ಕಳಿಸ್ತಾರೆ, ನಾನು ಮೀನು ಸುತ್ತೋಕೆ ಇಟ್ಕೋತೀನಿ."

"ಥೂ, ಆ ಹೆಸರು ಹೇಳಬೇಡ!" ಅಂತ ಅವಳು ಮರದ ಮೇಜನ್ನು ಮೂರು ಸಲ ತಟ್ಟಿದಳು.

ಟೋವಾ ಪಾಯೋದಲ್ಲೇ ಒಬ್ಬಳು ಅಜ್ಜಿ ವೇದಿಕೆಯ ಹಿಂದಕ್ಕೆ ಬಂದಿದ್ದಳು. ಹೆಸರು ಲಿಯಾನ್ ನಿಯೋ. ಅಂಗೈಯಗಲದ ಮುಖ, ಹೂವಿನ ಅಂಗಿ, ಕೈಯಲ್ಲಿ ಒಂದು ಚೀಲ ಕಿತ್ತಳೆಹಣ್ಣು.

"ನನ್ನ ಯಜಮಾನ್ರು ಬಂದಿದ್ದಾರೇನಮ್ಮಾ?" ಅಂತ ಕೇಳಿದಳು. "ತೆಳ್ಳಗಿರ್ತಾರೆ. ನೀಲಿ ಚೌಕಳಿ ಅಂಗಿ. ಹೋಗಿ ಎರಡು ವರ್ಷ ಆಯ್ತು."

ಬೀ ಗೈಕ್‌ಗೆ ಕಂಡದ್ದು ಬಿಳಿ ಮಬ್ಬು ಮಾತ್ರ. ಅದರಲ್ಲಿ ಚೌಕಳಿಯೆಲ್ಲಿ, ನೀಲಿಯೆಲ್ಲಿ? ಆದರೆ ಅಜ್ಜಿ ಮುಖವೆತ್ತಿ ನೋಡುತ್ತಿದ್ದ ರೀತಿಗೆ ಅವಳ ಬಾಯಿ ತಾನಾಗಿ ಮಾತಾಡಿತು. "ಬಂದಿದ್ದಾರಮ್ಮ. ತೆಳ್ಳಗೆ, ಹೌದು. ಅವರ ಕಥೆ ಸ್ವಲ್ಪ ಹೇಳಿ, ನೋಡೋಣ ಅವರೇನಾ ಅಂತ."

ಅಜ್ಜಿ ಹೇಳಿದಳು. ಗಂಡ ಬಡಗಿ. ಮೂಗಿನ ತುದಿಯಲ್ಲಿ ಯಾವಾಗಲೂ ಸಿಟ್ಟು. ಮದುವೆಯಾದ ಹೊಸದರಲ್ಲಿ ಅವಳಿಗೊಂದು ಮಂಚ ಮಾಡಿಕೊಟ್ಟ, ಒಂದು ಕಾಲು ಗಿಡ್ಡವಾಯಿತು. ಸಾಯುವವರೆಗೂ ನೆಲವೇ ಸೊಟ್ಟ ಅಂತ ವಾದಿಸಿದ. ನಕ್ಕೂ ನಕ್ಕೂ ಬೀ ಗೈಕ್‌ಳ ಕಣ್ಣಿನ ಕಪ್ಪು ಕರಗಿ ಕೆನ್ನೆಗಿಳಿಯಿತು. ಮುಂದಿನ ವೇದಿಕೆಗೆ ಟ್ಯಾಕ್ಸಿ ಕಾಯುತ್ತಿದ್ದರೂ ಏಳಲಿಲ್ಲ.

ಅಲ್ಲಿಂದಾಚೆಗೆ ಲಿಯಾನ್ ನಿಯೋ ಅಜ್ಜಿ ಎಲ್ಲ ಕಡೆಯೂ ಬಂದಳು. ಬಸ್ಸು ಹಿಡಿದು ಬುಕಿತ್ ಮೇರಾಕ್ಕೆ, ರೈಲು ಹಿಡಿದು ಜುರಾಂಗ್‌ಗೆ. ಎರಡನೇ ಸಾಲಿನ ತುದಿಯಲ್ಲಿ ಕೂತು ಮೊದಲ ಸಾಲಿನ ಕಡೆಗೆ ನೋಡಿ ಮುಗುಳ್ನಗುವಳು. ಬೀ ಗೈಕ್ ಆ ತುದಿಯ ಕಡೆ ಮುಖ ತಿರುಗಿಸದೆ ಹಾಡುತ್ತಿದ್ದಳು. ಸುಳ್ಳು ಹೇಳಿ ರೂಢಿಯಿಲ್ಲದವಳೇನಲ್ಲ. ತನ್ನ ವಯಸ್ಸಿನ ವಿಷಯದಲ್ಲಿ ನಿಜ ಹೇಳಿ ಎಷ್ಟು ಕಾಲವಾಗಿತ್ತೋ. ಆದರೆ ಇದು ಬೇರೆ ಥರದ ಸುಳ್ಳು.

ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಕೆಳಗಿನ ಕಾಫಿ ಅಂಗಡಿಗೆ ಹೋಗಿದ್ದರು. ಕಿಮ್ ಲಾಯ್ ಬ್ರೆಡ್ಡಿಗೆ ಕಾಯಾ ಎಂಬ ತೆಂಗಿನಹಾಲಿನ ಜಾಮು ಸವರುತ್ತಿದ್ದ. ಬೀ ಗೈಕ್ ಮೂಲೆಯ ಕಡೆ ನೋಡಿ ತಟ್ಟನೆ ಎದ್ದು ನಿಂತು ತಲೆಬಾಗಿಸಿದಳು.

"ಯಾರಿಗದು?" ಅಂದ.

"ಶ್! ಹಗಲಲ್ಲೂ ಬರೋಕೆ ಶುರು ಮಾಡಿದ್ದಾರೆ. ಅಲ್ಲಿ ನೋಡು, ಎತ್ತರಕ್ಕೆ, ಬೆಳ್ಳಗೆ. ಎಷ್ಟು ಪ್ರಭೆ ನೋಡು."

ಕಿಮ್ ಲಾಯ್ ತಿರುಗಿ ನೋಡಿದ. ಬ್ರೆಡ್ಡನ್ನು ತಟ್ಟೆಯಲ್ಲಿಟ್ಟ.

"ಗೈಕ್, ಅದು ಫ್ರಿಜ್ಜು. ಬಿಯರ್ ಇಡೋದು. ಒಳಗೆ ಲೈಟು ಹಾಕಿದ್ದಾರೆ."

ಬೀ ಗೈಕ್ ಕಣ್ಣು ಕಿರಿದು ಮಾಡಿದಳು. ಅಂಗಡಿಯ ಹುಡುಗಿ ಬಂದು ಒಳ್ಳೆಯಣ್ಣನ ಎದೆ ತೆರೆದು ಎರಡು ಬಾಟಲಿ ತೆಗೆದುಕೊಂಡು ಹೋದಳು.

"ಒಂದು ಮಾತು ಕೇಳ್ತೀನಿ," ಅಂದ ಕಿಮ್ ಲಾಯ್ ನಿಧಾನವಾಗಿ. "ಈ ನಿನ್ನ ಅಣ್ಣಂದಿರು ಕತ್ತಲಿರೋ ಕಡೆ ಯಾವತ್ತಾದ್ರೂ ಬಂದಿದ್ದಾರಾ? ಅಥವಾ ಲೈಟು ಇರೋ ಕಡೆನೇ ಬರ್ತಾರಾ?"

ಅವಳು ಹಾಗೆ ಯೋಚಿಸಿರಲೇ ಇಲ್ಲ.

"ಮೊನ್ನೆ ಬಸ್ಸಿನ ನಂಬರು ನಾನು ಓದಿ ಹೇಳಬೇಕಾಯ್ತು. ಹೋದ ವಾರ ಸಾರಿಗೆ ಉಪ್ಪಿನ ಬದಲು ಸಕ್ಕರೆ. ನಾನು ಹಬ್ಬದ ಅಡುಗೆ ಇರಬೇಕು ಅಂತ ಸುಮ್ನೆ ಕುಡಿದೆ."

"ನನ್ನ ಕಣ್ಣು ಚೆನ್ನಾಗೇ ಇದೆ!"

"ಹಾಗಾದ್ರೆ ನನ್ನ ಹುಬ್ಬು ಯಾವ ಬಣ್ಣ ಹೇಳು."

"ಕಪ್ಪು."

ಕಿಮ್ ಲಾಯ್ ಕಾಫಿ ಮುಗಿಸಿದ. ಮಾರನೆಯ ದಿನ ರಜೆ ಹಾಕಿ ಅವಳನ್ನು ಬಡಾವಣೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಬೈದಳು. ಚೀಲದಲ್ಲಿ ಚಕ್ಕೋತದ ಎಲೆ ಇಟ್ಟುಕೊಂಡಿದ್ದಳು. ಆದರೆ ಹೋದಳು.

ಕ್ಲಿನಿಕ್ಕಿನಿಂದ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಕಣ್ಣಿನ ಡಾಕ್ಟರ್ ನೂರ್‌ಹಾಯಾತಿ ಎಂಬ ತಲೆವಸ್ತ್ರದ ಹೆಂಗಸು. ಎರಡೂ ಕಣ್ಣಿಗೆ ದೀಪ ಬಿಟ್ಟು ನೋಡಿ ಹೇಳಿದಳು: "ಆಂಟಿ, ಪೊರೆ. ಎರಡು ಕಣ್ಣಿಗೂ. ಬಲಗಡೆಯದು ಚೆನ್ನಾಗಿ ಬಲಿತಿದೆ. ದೀಪದ ಸುತ್ತ ಉಂಗುರ ಕಾಣ್ಸುತ್ತಾ?"

"ದೀಪದ ಸುತ್ತ ಅಲ್ಲ. ತಲೆಯ ಸುತ್ತ."

"ಯಾರ ತಲೆ?"

ಬೀ ಗೈಕ್ ಎಲ್ಲ ಹೇಳಿದಳು. ಡಾಕ್ಟರ್ ನಗಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವಳು. "ಮೊದಲನೇ ಸಾಲಿನಲ್ಲಿ ಏನು ಕುರ್ಚಿ ಹಾಕ್ತಾರೆ ಆಂಟಿ?"

"ಪ್ಲಾಸ್ಟಿಕ್ಕು. ಹೊಸದು. ಪಳಪಳ ಅಂತಿರುತ್ತೆ," ಅಂದವನು ಕಿಮ್ ಲಾಯ್. "ವೇದಿಕೆಯ ಲೈಟು ಪೂರಾ ಅದರ ಮೇಲೇ ಬೀಳುತ್ತೆ."

ಡಾಕ್ಟರ್ ಆಪರೇಷನ್ ಬಗ್ಗೆ ಹೇಳಿದಳು. ಬೆಳಿಗ್ಗೆ ಬಂದರೆ ಮಧ್ಯಾಹ್ನ ಮನೆಗೆ ಹೋಗಬಹುದು, ನೋವಿಲ್ಲ. ಬೀ ಗೈಕ್ ಕೈಚೀಲ ಎದೆಗವಚಿಕೊಂಡು ಎದ್ದಳು. "ಯೋಚನೆ ಮಾಡಿ ಹೇಳ್ತೀನಿ."

ಹೊರಗೆ ಬಂದವಳೇ ಗಂಡನ ಮೇಲೆ ಹರಿಹಾಯ್ದಳು. "ನೋಡಿದ್ಯಾ? ಕಾಯಿಲೆಗೆ ಅಂತ ತಿಂಗಳು ತಿಂಗಳು ಎತ್ತಿಟ್ಟಿದ್ದಕ್ಕೆ ಬಂತು! ದೊಡ್ಡತ್ತೆನ ಸಾಕಿದ್ದಕ್ಕೆ ನನ್ನ ಕಣ್ಣಿಗೇ ಕೈಹಾಕಿದ್ಲು!"

"ನಿನ್ನಮ್ಮಂಗೂ ಪೊರೆ ಬಂದಿತ್ತಲ್ಲ. ಅವರೇನು ಎತ್ತಿಟ್ಟಿದ್ರು? ಮುವಾರ್‌ನಲ್ಲಿ ಕೊನೆಗಾಲದಲ್ಲಿ ಗೋಡೆ ಹಿಡಕೊಂಡು ಓಡಾಡ್ತಿದ್ರು. ನೀನೇ ಹೇಳಿದ್ದು."

ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳ ಮನಸ್ಸಿನಲ್ಲಿದ್ದದ್ದು ಬರೀ ಭಯವಲ್ಲ. ತಿಂಗಳು ಮುಗಿಯಲು ಇನ್ನೂ ಒಂದಷ್ಟು ವೇದಿಕೆಗಳಿದ್ದವು. ಜನ ಬರುತ್ತಿದ್ದದ್ದು ಅಣ್ಣಂದಿರನ್ನು ಕಾಣುವ ದಾಸವಾಳಕ್ಕನಿಗಾಗಿ. ಬೆಳಕನ್ನು ನೋಡಿ ಬೆಚ್ಚುವ ಪೊರೆಗಣ್ಣಿನ ಹೆಂಗಸನ್ನು ನೋಡಲು ಯಾರು ರೈಲು ಹಿಡಿದು ಬರುತ್ತಾರೆ?

ಹಾಗಾಗಿ ಸುಮ್ಮನಾದಳು. ಇನ್ನೆರಡು ಸಂಜೆ ಹಾಡಿದಳು, ನಮಸ್ಕಾರವನ್ನೂ ಮಾಡಿದಳು. ಆದರೆ ಈಗ ಆ ಮಬ್ಬು ಮಬ್ಬಾಗಿಯೇ ಕಾಣುತ್ತಿತ್ತು, ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಾಗಿಯೇ. ಹಾಡು ಸಪ್ಪೆಯಾಯಿತು. ಕ್ವೆಕ್‌ನೇ ಕೇಳಿದ, "ಅಕ್ಕಾ, ಅಣ್ಣಂದಿರ ಜೊತೆ ಜಗಳ ಆಯ್ತಾ?"

ಎರಡನೆಯ ಸಂಜೆ ಲಿಯಾನ್ ನಿಯೋ ಅಜ್ಜಿ ಅವಳ ಕೈ ಹಿಡಿದಳು. "ಒಂದು ಉಪಕಾರ ಮಾಡಮ್ಮ. ತಿಂಗಳು ಮುಗೀತಾ ಬಂತು, ಅವರು ಹೊರಟುಹೋಗ್ತಾರೆ. ನನಗೇನಾದ್ರೂ ಹೇಳೋದಿದೆಯಾ ಅಂತ ಕೇಳು."

ಬೀ ಗೈಕ್ ಅಂದು ಏನೋ ನೆಪ ಹೇಳಿ ತಪ್ಪಿಸಿಕೊಂಡಳು. ಬೆಳಿಗ್ಗೆ ಎದ್ದವಳೇ ಅಜ್ಜಿಗೆ ಫೋನ್ ಮಾಡಿ, ಟೋವಾ ಪಾಯೋ ಮಾರುಕಟ್ಟೆಯ ಹತ್ತಿರ ಬರಹೇಳಿದಳು. ಮುಖಕ್ಕೆ ಬಣ್ಣವಿಲ್ಲ, ಪುಕ್ಕವಿಲ್ಲ. ಇಬ್ಬರಿಗೂ ಮೀನುಂಡೆಯ ನೂಡಲ್ಸ್ ತರಿಸಿ, ಅಜ್ಜಿ ಚಮಚ ಎತ್ತುವ ಮೊದಲೇ ಹೇಳಿಬಿಟ್ಟಳು.

"ಅಜ್ಜಿ, ನಾನು ನಿಮ್ಮ ಯಜಮಾನ್ರನ್ನ ನೋಡಿಲ್ಲ. ಯಾರನ್ನೂ ನೋಡಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿದೆ. ಕಂಡಿದ್ದೆಲ್ಲ ಕುರ್ಚಿ ಮೇಲೆ ಬಿದ್ದ ಲೈಟು. ಮೊದಲು ನಾನೂ ನಿಜ ಅಂದ್ಕೊಂಡೆ. ಆದ್ರೆ ತೆಳ್ಳಗಿನವರು ಬಂದಿದ್ದಾರೆ ಅಂತ ಒಪ್ಪಿಕೊಂಡದ್ದು ಸುಳ್ಳು. ನೀವು ಬೈದ್ರೂ ಸರಿ."

ಅಜ್ಜಿ ನೂಡಲ್ಸನ್ನು ಕಲಸಿದಳು. ಒಂದು ತುತ್ತು ತಿಂದಳು. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಬೀ ಗೈಕ್ ಗಾಬರಿಯಾದಳು. ಅಜ್ಜಿ ನಗುತ್ತಿದ್ದಳು.

"ನನಗೂ ಗೊತ್ತಿತ್ತಮ್ಮಾ! ಆ ಮನುಷ್ಯ ಬದುಕಿದ್ದಾಗ ಹಾಡು ಅಂದ್ರೆ ಕಿವಿ ಮುಚ್ಚಿಕೊಳ್ತಿದ್ದ. ಸತ್ತ ಮೇಲೆ ನಿನ್ನ ಹಾಡು ಕೇಳೋಕೆ ಮೊದಲನೇ ಸಾಲಿನಲ್ಲಿ ಬಂದು ಕೂರ್ತಾನಾ?"

"ಮತ್ತೆ ದಿನಾ ಯಾಕೆ ಬರ್ತಿದ್ರಿ?"

"ಅವನು ಹೇಗಿದ್ದ ಅಂತ ನೀನು ಕೇಳಿದ್ಯಲ್ಲ. ಎರಡು ವರ್ಷದಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ಮಕ್ಕಳ ಹತ್ರ ಅವರಪ್ಪನ ಮಾತೆತ್ತಿದ್ರೆ, ಅಮ್ಮ ಅಳ್ತಾಳೆ ಅಂತ ಟಿ.ವಿ. ಹಾಕಿಬಿಡ್ತಾರೆ. ನಿನ್ನ ಹತ್ರ ಮಂಚದ ಕಥೆ ಹೇಳಿ ಎಷ್ಟು ಹಗುರಾಯ್ತು ಗೊತ್ತಾ? ನಿನ್ನೆ ಕೇಳಿದ್ದೂ ಅಷ್ಟೆ. ನೀನು ಏನಾದ್ರೂ ಚೆಂದದ ಸುಳ್ಳು ಹೇಳ್ತೀಯ, ಕೇಳಿ ನಗಾಡೋಣ ಅಂತ." ಅಜ್ಜಿ ಚಮಚ ಕೆಳಗಿಟ್ಟು ಮುಂದೆ ಬಾಗಿ ಅವಳ ಕಣ್ಣನ್ನೇ ನೋಡಿದಳು. "ನೀನು ಕುರ್ಚಿಗೆ ನಮಸ್ಕಾರ ಮಾಡಿದ ದಿನಾನೇ ಅಂದ್ಕೊಂಡೆ, ಇದು ಪೊರೆ ಅಂತ. ನಂಗೆ ಬಂದಾಗ ಬೀದಿ ದೀಪನೆಲ್ಲ ಚಂದ್ರ ಅಂತಿದ್ದೆ. ಒಂದೇ ರಸ್ತೆಯಲ್ಲಿ ಹತ್ತು ಚಂದ್ರ. ತೆಗೆಸಿಬಿಡಮ್ಮ, ಸೊಳ್ಳೆ ಕಚ್ಚಿದಷ್ಟೂ ನೋಯಲ್ಲ. ದುಡ್ಡಿಗೇನು, ನಿನ್ನ ಮೆಡಿಸೇವ್ ಇದೆಯಲ್ಲ?"

ಬೀ ಗೈಕ್ ಮರದ ಮೇಜು ತಟ್ಟಲು ಕೈ ಎತ್ತಿದಳು. ಅಂಗಡಿಯ ಮೇಜು ತಗಡಿನದು. ಕೈ ಕೆಳಗಿಳಿಸಿ, ತಾನೂ ನಗತೊಡಗಿದಳು.

ಅಂದು ಸಂಜೆಯೇ ಗಂಡನಿಗೆ ಹೇಳಿದಳು, "ಏ ಮುದುಕಾ, ಆಸ್ಪತ್ರೆಗೆ ಫೋನ್ ಮಾಡು. ನನ್ನ ಮನಸ್ಸು ಬದಲಾಗೋ ಮುಂಚೆ."

ತಾರೀಕು ಸಿಕ್ಕಿದ್ದು ಏಳನೇ ತಿಂಗಳು ಮುಗಿದು ಎಷ್ಟೋ ದಿನವಾದ ಮೇಲೆ. ಅದಕ್ಕೂ ಮೊದಲು ಹಣದ ಮಾತಿಗೆಂದು ಕೌಂಟರಿಗೆ ಕರೆದರು. ಬೀ ಗೈಕ್ ಯುದ್ಧಕ್ಕೆ ಹೊರಟವಳ ಹಾಗೆ ಹೋದಳು. ಪಿ.ಆರ್.ಗಳಿಗೆ ರಿಯಾಯಿತಿ ಪ್ರಜೆಗಳಿಗಿಂತ ಕಡಿಮೆ ಅಂತ ಅವಳಿಗೆ ಗೊತ್ತಿತ್ತು. ಕೊಳ್ಳಬೇಕೆಂದಿದ್ದ ಬಳೆಯನ್ನು ಮನಸ್ಸಿನಲ್ಲೇ ಬಿಟ್ಟುಕೊಟ್ಟಾಗಿತ್ತು.

ಕೌಂಟರಿನ ಹುಡುಗಿ ಪರದೆ ನೋಡಿ ಹೇಳಿದಳು: "ಆಂಟಿ, ನಿಮ್ಮ ಮೆಡಿಸೇವ್‌ನಲ್ಲೇ ಹೆಚ್ಚುಕಮ್ಮಿ ಪೂರ್ತಿ ಆಗಿಹೋಗುತ್ತೆ. ಕೈಯಿಂದ ಚೂರು ಕೊಟ್ರೆ ಸಾಕು. ಎರಡನೇ ಕಣ್ಣಿಗೂ ಉಳಿಯುತ್ತೆ."

"ಅಂದ್ರೆ... ಆ ದುಡ್ಡು ಇನ್ನೂ ಇದೆಯಾ?"

"ಇದೆಯಲ್ಲ. ಎಲ್ಲಿ ಹೋಗುತ್ತೆ?"

"ನಾನು ಕಟ್ಟಿದ್ದು? ಎಲ್ಲಾನೂ?"

"ಬಡ್ಡಿ ಬೇರೆ ಸೇರಿದೆ ಆಂಟಿ." ಹುಡುಗಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಬೀ ಗೈಕ್‌ಗೆ ಅಂಕಿಗಳು ಕಾಣಲಿಲ್ಲ, ಕಿಮ್ ಲಾಯ್ ಕಿವಿಯಲ್ಲಿ ಹೇಳಿದ. ಅವಳು ಅವನ ಮುಖವನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡಿದಳು. ಸರ್ಕಾರ ತಿಂದು ತೇಗಿದೆ ಎಂದು ಇಷ್ಟು ಕಾಲ ಅಂದುಕೊಂಡಿದ್ದಳು. ಈ ದೇಶ ತನ್ನನ್ನು ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲಿಸಿದೆ, ಕೊಡುವಾಗ ಕೈ ಹಿಡಿತ, ಕೀಳುವಾಗ ಮಾತ್ರ ಎಲ್ಲರ ಸಮ ಎಂದು ಹಾಡಿದ್ದೇ ಹಾಡಿದ್ದಳು. ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಆದರೆ ಈ ಪರದೆಯ ಮೇಲಿದ್ದದ್ದು ಯಾರ ದಯೆಯೂ ಅಲ್ಲ. ಬೆಡೋಕ್‌ನಲ್ಲಿ, ಯಿಶುನ್‌ನಲ್ಲಿ, ಮಳೆಯಲ್ಲಿ, ಜ್ವರದಲ್ಲಿ ಅವಳೇ ಹಾಡಿ ಬೆವರಿದ್ದು.

"ಇದೆಲ್ಲ ನನ್ನ ಗಂಟಲಿನ ದುಡ್ಡು ಕಣಮ್ಮ," ಅಂತ ಕೌಂಟರಿನ ಹುಡುಗಿಗೆ ಹೇಳಿದಳು. ಹಿಂದಿನ ಸಾಲಿನಲ್ಲಿ ಕಾಯುತ್ತಿದ್ದವರಿಗೂ ಕೇಳಿಸುವ ಹಾಗೆ. "ಗಂಟಲು ದುಡಿದು ಕಣ್ಣಿಗೆ ಕೊಡ್ತಿದೆ. ಮನೆಯೊಳಗಿನ ವ್ಯವಹಾರ ಇದು!"

ಆಪರೇಷನ್ ಲಿಯಾನ್ ನಿಯೋ ಅಜ್ಜಿ ಹೇಳಿದ ಹಾಗೇ ಆಯಿತು. ಭಯ ಹೋಗಲೆಂದು ಬೀ ಗೈಕ್ ಮಲಗಿದಲ್ಲೇ ಹಾಡು ಗುನುಗಿದಳು. ಡಾಕ್ಟರ್ ನೂರ್‌ಹಾಯಾತಿ "ಆಂಟಿ, ಸ್ವರ ಏರಿಸುವಾಗ ತಲೆ ಅಲ್ಲಾಡಿಸಬೇಡಿ," ಅಂದಳಷ್ಟೆ.

ಮಾರನೆಯ ದಿನ ಕಣ್ಣಿನ ಮುಚ್ಚಳ ತೆಗೆದರು. ಎದುರಿಗೆ ಕಿಮ್ ಲಾಯ್ ನಿಂತಿದ್ದ. ಅವನ ಹುಬ್ಬು ಪೂರಾ ಬೆಳ್ಳಗಾಗಿತ್ತು. ಕಣ್ಣಿನ ಪಕ್ಕದಲ್ಲಿ ಗೆರೆಗಳು, ಕೆನ್ನೆಯ ಮೇಲೆ ಬಿಸಿಲಿನ ಕಲೆ, ಕಾಲರಿನ ಗುಂಡಿಯೊಂದನ್ನು ತಪ್ಪು ತೂತಿಗೆ ಹಾಕಿಕೊಂಡಿದ್ದ. ಇವನು ಯಾವಾಗ ಇಷ್ಟು ಮುದುಕನಾದ ಅಂದುಕೊಂಡಳು. ಕೈ ಚಾಚಿ ಗುಂಡಿ ಸರಿಮಾಡಿದಳು.

"ಹೇಗೆ ಕಾಣ್ತೀನಿ?" ಅಂದ ಅವನು.

"ಸಿಕ್ಕಾಪಟ್ಟೆ ಸ್ಪಷ್ಟವಾಗಿ," ಅಂದಳು.

ಆ ವಾರವೆಲ್ಲ ಅವಳ ಬಾಯಿಗೆ ಬಿಡುವಿರಲಿಲ್ಲ. ಎದುರಿನ ಬ್ಲಾಕಿನಲ್ಲಿ ಒಣಹಾಕಿದ ಬಟ್ಟೆಯ ಹೂವು ಎಣಿಸಿದಳು. ಅಡುಗೆಮನೆಯ ಮೂಲೆಯ ಜಿಡ್ಡು ನೋಡಿ ಕಿರುಚಿದಳು. ತನ್ನ ಗೌನುಗಳನ್ನೆಲ್ಲ ಹರಡಿಕೊಂಡು, "ಅಯ್ಯಯ್ಯೋ, ಇದು ಇಷ್ಟು ಹಸುರಾ? ಇದನ್ನ ಹಾಕ್ಕೊಂಡು ಜನರೆದುರು ನಿಂತಿದ್ನಾ? ಹೇಳಬಾರದಾ ನೀನು?" ಅಂತ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಮೊದಲ ಹಾಡು ಒಂದು ದೇವಸ್ಥಾನದ ಸಂತರ್ಪಣೆಯಲ್ಲಿ. ದಾಸವಾಳಕ್ಕ ಬರುತ್ತಾಳೆಂದು ಜನ ಕಿಕ್ಕಿರಿದಿದ್ದರು. ಕ್ವೆಕ್ ಎಂದಿನ ಹಾಗೆ ಮೈಕಿನಲ್ಲಿ ಕೇಳಿದ: "ಏನಕ್ಕಾ, ಇವತ್ತು ಯಾರು ಯಾರು ಬಂದಿದ್ದಾರೆ?"

ಬೀ ಗೈಕ್ ಸಭೆಯನ್ನು ದಿಟ್ಟಿಸಿ ನೋಡಿದಳು. ಎಷ್ಟು ಮುಖಗಳು! ಒಬ್ಬೊಬ್ಬರ ಮೂಗು, ಹಲ್ಲು, ಕನ್ನಡಕ.

"ಬದುಕಿರೋರು ಬಂದಿದ್ದಾರೆ ಕಣೋ," ಅಂದಳು. "ಎಲ್ಲರಿಗೂ ಒಂದು ಮಾತು ಹೇಳಬೇಕು. ಆವತ್ತು ನಾನು ಕಂಡಿದ್ದು ಅಣ್ಣಂದಿರನ್ನಲ್ಲ. ಕಣ್ಣಿನ ಪೊರೆ. ಇಡೀ ತಿಂಗಳು ನಾನು ಪ್ಲಾಸ್ಟಿಕ್ ಕುರ್ಚಿಗೆ ನಮಸ್ಕಾರ ಹಾಕಿದ್ದೀನಿ. ಕಾಫಿ ಅಂಗಡಿ ಫ್ರಿಜ್ಜಿಗೂ ಹಾಕಿದ್ದೀನಿ!"

ಕಾರ್ಯಕ್ರಮ ನಡೆಸುವವನು ಪಕ್ಕದಲ್ಲಿ ತಲೆ ಹಿಡಿದುಕೊಂಡ. ಎರಡನೇ ಸಾಲಿನ ತುದಿಯಿಂದ ಲಿಯಾನ್ ನಿಯೋ ಅಜ್ಜಿ ಗಹಗಹಿಸಿದಳು, ಅಲ್ಲಿಂದ ನಗು ಬೆಂಕಿಯ ಹಾಗೆ ಹಬ್ಬಿತು. ಬೀ ಗೈಕ್ ಆ ನಗುವಿನ ಮೇಲೇ ಏರಿ ಫ್ರಿಜ್ಜಿನ ಕಥೆ, ಸಕ್ಕರೆಯ ಸಾರಿನ ಕಥೆ ಎಲ್ಲ ಹೇಳಿದಳು. ಆಮೇಲೆ ಹಾಡಿದಳು. ಎದುರಿನ ಮುಖಗಳು ಒಂದೊಂದು ಸಾಲಿಗೂ ಅರಳುವುದನ್ನೂ ಬಾಡುವುದನ್ನೂ ನೋಡುತ್ತ ಹಾಡಿದ್ದು ಎಷ್ಟೋ ವರ್ಷದ ಮೇಲೆ. ಊರಿಗೆ ಹೋಗುವ ದೋಣಿ ಹೊರಟಾಗ ಮೂರನೇ ಸಾಲಿನ ಮುದುಕನ ಕಣ್ಣಿನಿಂದ ನೀರಿಳಿಯುವುದು ಹನಿಹನಿಯಾಗಿ ಕಂಡಿತು.

ಹಾಡು ಮುಗಿದ ಮೇಲೆ ವೇದಿಕೆಯ ಹಿಂದೆ ಮುದುಕ ಮುದುಕಿಯರು ಸಾಲು ನಿಂತಿದ್ದರು. ಯಾರ ಕೈಯಲ್ಲೂ ಹಸ್ತಾಕ್ಷರದ ಪುಸ್ತಕವಿರಲಿಲ್ಲ. ಒಬ್ಬೊಬ್ಬರೂ ಕೆಳಗಿನ ರೆಪ್ಪೆ ಎಳೆದು, "ದಾಸವಾಳಕ್ಕಾ, ನಂದು ಬಲಿತಿದೆಯಾ ನೋಡು," ಅನ್ನುತ್ತಿದ್ದರು.

"ನಾನೇನು ಡಾಕ್ಟರಾ? ಕ್ಲಿನಿಕ್ಕಿಗೆ ಹೋಗಿ!" ಅಂತ ಗದರಿದಳು. ಗದರಿದರೂ ಒಬ್ಬೊಬ್ಬರದೂ ನೋಡಿದಳು.

ಕ್ವೆಕ್ ಈ ನಡುವೆ ಮಂಕಾಗಿದ್ದ. ಮೀನು ಸುತ್ತಿದ ಓಲೆಗಳ ಹಿಂದೆ ದಂಡದ ನೋಟೀಸು ಬಂದಿತ್ತು. ಬಚ್ಚಿಟ್ಟುಕೊಳ್ಳೋಣವೆಂದರೆ ಅವನ ಮುಖ ಊರಿಗೆಲ್ಲ ಗೊತ್ತು. ಬೀ ಗೈಕ್ ಮಂಗಳವಾರ ಬೆಳಿಗ್ಗೆ ಅವನ ಮನೆಗೇ ಹೋಗಿ ಎಬ್ಬಿಸಿ, ಕಂತಿನ ವ್ಯವಸ್ಥೆ ಮಾಡಿಸಲು ಮೆಡಿಸೇವ್ ಕಚೇರಿಗೆ ಎಳೆದುಕೊಂಡು ಬಂದಳು. ಟೋಕನ್ ತೆಗೆದುಕೊಂಡು ಇಬ್ಬರೂ ಬೆಂಚಿನ ಮೇಲೆ ಕೂತರು.

"ಅಷ್ಟೂ ಒಟ್ಟಿಗೆ ಕೇಳ್ತಾರಾ ಅಕ್ಕಾ?"

"ತಿಂಗಳು ತಿಂಗಳು ಕಟ್ಟು ಅಂತಾರೆ. ಹೊಟ್ಟೆ ಉರಿಯುತ್ತೆ, ನಿಜ. ಉರೀಲಿ. ನಾಳೆ ನಿನ್ನ ಮಂಡಿ ಹಿಡ್ಕೊಂಡಾಗ ನಿನ್ನ ಓಲೆ ಸುತ್ತಿದ ಮೀನು ಬಂದು ಆಪರೇಷನ್ ಮಾಡಿಸುತ್ತಾ?"

ಕ್ವೆಕ್ ನಿಟ್ಟುಸಿರು ಬಿಟ್ಟು ಬೆಂಚಿನ ಬೆನ್ನಿಗೊರಗಿದ. ಮೇಲಿನ ಟ್ಯೂಬ್‌ಲೈಟಿನ ಬೆಳಕು ನೇರ ಅವನ ತಲೆಯ ಮೇಲೆ ಬಿತ್ತು. ಬೀ ಗೈಕ್ ಮಾತು ನಿಲ್ಲಿಸಿ, ಬಗ್ಗಿ, ಅವನ ಕಿವಿಯ ಮೇಲ್ಗಡೆ ಹತ್ತಿರದಿಂದ ನೋಡಿದಳು. ಹಣೆಯ ಅಂಚಿನಲ್ಲಿ ಒಂದು ಸಣ್ಣ ಹೊಲಿಗೆ ಇತ್ತು.

"ಕ್ವೆಕ್," ಅಂದಳು ಪಿಸುದನಿಯಲ್ಲಿ, "ಇದು ಟೋಪನ್ನಾ?"

ಕ್ವೆಕ್ ಬೆಚ್ಚಿ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಸುತ್ತ ನೋಡಿದ. ಆಮೇಲೆ ಬೇರೆ ದಾರಿಯಿಲ್ಲದೆ ಹಲ್ಲು ಕಿರಿದ.

"ನಾವಿಬ್ಬರೂ ಒಂದೇ ವೇದಿಕೆ ಹತ್ತಿದ ಮೊದಲನೇ ದಿನದಿಂದ ಅಕ್ಕಾ. ಇವತ್ತು ಕಾಣಿಸ್ತಾ?"

ಬೀ ಗೈಕ್ ನಕ್ಕ ಸದ್ದಿಗೆ ಕಚೇರಿಯ ಅಷ್ಟೂ ಜನ ತಿರುಗಿ ನೋಡಿದರು. ಪರದೆಯ ಮೇಲೆ ಅವರ ನಂಬರು ಬಂತು. ಅವಳು ಕಣ್ಣೊರೆಸಿಕೊಂಡು, ಅವನ ತೋಳು ಹಿಡಿದು ಎಬ್ಬಿಸಿ, ಕೌಂಟರಿನ ಕಡೆ ನೂಕಿದಳು.